ಕಟ್ಟುಮರದ ಕಟ್ಟು

ಹುಬ್ಬಳ್ಳಿ-ಧಾರವಾಡಗಳಿಗೆ ಸಮುದ್ರವು ದೂರವೆಂಬುದು ಅರ್ಧ ಮಾತ್ರ ನಿಜವು. ಘಟ್ಟವನ್ನಿಳಿದರೆ ಕಾರವಾರ, ಊರೊಳಗೇ ಉಣಕಲ್ ಕೆರೆ, ಕೆಲಗೇರಿ ಕೆರೆ. ಆದಕಾರಣ ಈ ಅವಳಿ ಊರಿನ ತರುಣನೊಬ್ಬನು ಶರ್ಯತ್ತಿನ ಕಟ್ಟುಮರವೊಂದನ್ನು ತನ್ನ ಕೈಯಿಂದಲೇ ಕಟ್ಟಬೇಕೆಂದು ಮನಸ್ಸು ಮಾಡಿದರೆ, ಅದನ್ನು ಹುಚ್ಚೆಂದು ತಳ್ಳಿಬಿಡುವುದು ಉಚಿತವಲ್ಲ. ಮನೆಯ ಹಿರಿಯರು ಕೇಳತಕ್ಕ ಪ್ರಶ್ನೆಗಳು ಎರಡೇ: ಹಣವೆಷ್ಟು ಹೋದೀತು? ಜೀವಕ್ಕೆ ಅಪಾಯವುಂಟೋ? ಎರಡಕ್ಕೂ ಉತ್ತರವಿರುವುದು ಒಂದೇ ಕಡೆಯಲ್ಲಿ, ಅದು ಕಟ್ಟಿನಲ್ಲಿ.

ಇಂಗ್ಲಿಷರ ‘ಕ್ಯಾಟಮರಾನ್’ ತಮಿಳಿನ ‘ಕಟ್ಟುಮರಂ’ ಎಂಬುದರಿಂದ ಬಂದುದು. ಕನ್ನಡಿಗನಿಗೆ ಇದರ ಅರ್ಥ ತಿಳಿಯಲು ಕೋಶವೇ ಬೇಡ. 1697ರಲ್ಲಿ ಪ್ರಕಟವಾದ ವಿಲಿಯಮ್ ಡ್ಯಾಂಪಿಯರನ ಪ್ರವಾಸಗ್ರಂಥದಲ್ಲಿಯೇ ಈ ಹೆಸರುಂಟು. ಆದರೆ ಚೋಳಮಂಡಲ ತೀರದ ಕಟ್ಟುಮರವು ಒತ್ತಾಗಿ ಬಿಗಿದ ದಿಮ್ಮಿಗಳ ತೆಪ್ಪ. ಇಂದು ಶರ್ಯತ್ತುಗಳಲ್ಲಿ ಓಡುವ ಎರಡು ಒಡಲಿನ ದೋಣಿಯು ಶಾಂತಸಾಗರದ ದ್ವೀಪವಾಸಿಗಳ ಬುದ್ಧಿಯ ಫಲ. ಹೆಸರು ಇಲ್ಲಿಯದು, ರೂಪ ಅಲ್ಲಿಯದು. ಹಾಗೆಂದು ಜೋಡಿದೋಣಿಯು ಕನ್ನಡನಾಡಿಗೆ ಅಪರಿಚಿತವೇನೂ ಅಲ್ಲ. ಸೇತುವೆಗಳಾಗುವ ಮೊದಲು ಕರಾವಳಿಯ ಹೊಳೆಗಳಲ್ಲಿ ಬಸ್ಸುಗಳನ್ನು ದಾಟಿಸುತ್ತಿದ್ದ ‘ಜಂಗಲ್’, ಎರಡು ದೋಣಿಗಳ ಮೇಲೆ ಹಲಗೆ ಹಾಸಿ ಕಟ್ಟಿದ್ದೇ ಆಗಿತ್ತು. ಆ ಶಬ್ದವನ್ನು ಕೋಶಕಾರರು ಸಂಸ್ಕೃತದ ‘ಸಂಘಾಟ’ಕ್ಕೆ, ಎಂದರೆ ಜೋಡಣೆಗೆ, ಹೊಂದಿಸುತ್ತಾರೆ. ಕನ್ನಡದ ‘ಸಂಗಡ’ವೂ ಅದರ ನಂಟನೇ ಎಂದು ತೋರುತ್ತದೆ.

ಒಂಟಿ ದೋಣಿಯು ಹಾಯಿಯ ಎಳೆತಕ್ಕೆ ಮಗುಚದಿರಬೇಕಾದರೆ ಅಗಲವಾಗಿರಬೇಕು, ಇಲ್ಲವೇ ಅಡಿಯಲ್ಲಿ ಸೀಸದ ಭಾರವನ್ನು ಹೊರಬೇಕು. ಅಗಲವಾದದ್ದು ನೀರನ್ನು ತಳ್ಳಿ, ತಾನೆಬ್ಬಿಸಿದ ಅಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ಎರಡು ಒಡಲುಗಳನ್ನು ದೂರವಿರಿಸಿ ಜೋಡಿಸಿದರೆ ಆ ಅಂತರವೇ ಸ್ಥೈರ್ಯವನ್ನು ಕೊಡುತ್ತದೆ. ಒಡಲು ತನ್ನ ಅಗಲದ 10 ಪಟ್ಟಿಗಿಂತಲೂ ಉದ್ದವಾಗಿ, ತೆಳ್ಳಗೆ ಇರಬಹುದು. ಭಾರವಿಲ್ಲದ್ದರಿಂದ ವೇಗ, ಭಾರವಿಲ್ಲದ್ದರಿಂದಲೇ ಅಗ್ಗ.

ಈ ವೇಗವು ಮೊದಲು ಎಲ್ಲರಿಗೂ ಹಿಡಿಸಲಿಲ್ಲ. 1876ರಲ್ಲಿ ನ್ಯೂಯಾರ್ಕಿನ ಶತಮಾನೋತ್ಸವದ ಶರ್ಯತ್ತಿನಲ್ಲಿ ನಥಾನಿಯಲ್ ಹೆರೆಶಾಫನ ‘ಅಮರಿಲಿಸ್’ ಎಂಬ ಜೋಡಿದೋಣಿಯು ಉಳಿದವನ್ನೆಲ್ಲ ಹಿಂದೆ ಹಾಕಿತು. ಕೂಡಲೇ ಆಕ್ಷೇಪಣೆಗಳೆದ್ದು, ಅಂಥ ದೋಣಿಗಳಿಗೆ ಬಾಗಿಲು ಮುಚ್ಚಿತು. ಸರಿಯಾಗಿ 100 ವರ್ಷಗಳ ತರುವಾಯ, 1976ರ ಒಲಿಂಪಿಕ್ ಕ್ರೀಡೆಗಳಲ್ಲಿ ‘ಟಾರ್ನೆಡೊ’ ಎಂಬ ಜೋಡಿದೋಣಿಗೆ ಸ್ಥಾನ ದೊರೆಯಿತು. ಈ ನಡುವೆ, 1954ರಲ್ಲಿ, ಇಂಗ್ಲೆಂಡಿನ ಜೇಮ್ಸ್ ವಾರಮನು ಅಲ್ಪ ವೆಚ್ಚದಲ್ಲಿ 23 ಅಡಿ 6 ಅಂಗುಲದ ದೋಣಿಯನ್ನು ಕಟ್ಟಿ, ಮುಂದೆ ಇಬ್ಬರು ಸ್ತ್ರೀಯರ ಸಂಗಡ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ ಟ್ರಿನಿಡಾಡನ್ನು ಮುಟ್ಟಿದನು. 2021ರಲ್ಲಿ ತೀರಿಕೊಂಡ ಆತನ ನಕ್ಷೆಗಳನ್ನು ನೋಡಿ ತಮ್ಮ ದೋಣಿಯನ್ನು ತಾವೇ ಕಟ್ಟಿಕೊಂಡವರು ಬಹಳ ಜನ. ಅಡ್ಡತೊಲೆಗಳನ್ನು ಬೋಲ್ಟುಗಳಿಂದ ಬಂಧಿಸದೆ ಹಗ್ಗದಿಂದ ಬಿಗಿಯುವುದು ಆತನ ಪದ್ಧತಿ. ಅಲೆಯ ಪೆಟ್ಟಿಗೆ ಹಗ್ಗವು ಕೂದಲೆಳೆಯಷ್ಟು ಮಣಿಯುತ್ತದೆ. ಮಣಿಯದ ಕೀಲು ಬಿರಿಯುತ್ತದೆ.

ಇನ್ನು ಕಟ್ಟುವ ಕ್ರಮ. ಪ್ಲೈವುಡ್ ಹಾಳೆಗಳನ್ನು ನಕ್ಷೆಯಂತೆ ಕೊಯ್ದು, ಅಂಚುಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಎಪಾಕ್ಸಿ ಅಂಟನ್ನು ಮರದ ಹುಡಿಯೊಡನೆ ಕಲಸಿ ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಅಂಟಿಸುವುದು. ಇದು ಹೊಸದೆಂದು ತೋರಿದರೂ ಪಶ್ಚಿಮ ಕರಾವಳಿಯ ಹಳೆಯ ವಿದ್ಯೆಯ ತಮ್ಮನೇ. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಸಿದ್ಧಪಡಿಸಿದ ‘ಕೌಂಡಿನ್ಯ’ ನೌಕೆಯು 2025ರ ಮೇ 21ರಂದು ಕಾರವಾರದಲ್ಲಿಯೇ ಭಾರತೀಯ ನೌಕಾಪಡೆಯನ್ನು ಸೇರಿತು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವು ಸಮುದ್ರನೌಕೆಯ ಹಲಗೆಗಳಿಗೆ ಕಬ್ಬಿಣದ ಬಂಧವನ್ನು ನಿಷೇಧಿಸುತ್ತದೆ, ಅಯಸ್ಕಾಂತವು ಸೆಳೆದೀತೆಂಬುದು ಅಲ್ಲಿಯ ಕಾರಣ. ಕಾರಣವನ್ನು ಇಂದು ಯಾರೂ ಒಪ್ಪಲಾರರು. ಆದರೆ ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕು ಹಿಡಿಯುವುದರಿಂದ ನಿಷೇಧಕ್ಕೆ ಬೆಲೆಯುಂಟು.

ಮಿತವ್ಯಯವೆಂದರೆ ಎಲ್ಲೆಡೆಯೂ ಜಿಪುಣತನವಲ್ಲ. ಹಳೆಯ ಹಾಯಿಯನ್ನು ಕೊಳ್ಳಬಹುದು. ಬಣ್ಣವನ್ನು ಒಂದು ವರ್ಷ ಮುಂದೂಡಬಹುದು. ಕೊಯ್ಯುವುದು, ಹೊಲಿಯುವುದು, ಉಜ್ಜುವುದು ಸ್ವಂತ ಕೈಯ ಕೆಲಸ; ಕೂಲಿಯ ಹಣ ಉಳಿಯುವುದು ಅಲ್ಲಿಯೇ. ಆದರೆ ಪ್ಲೈವುಡ್ ಹಾಳೆಯ ಮೇಲೆ ಐ.ಎಸ್. 710 ಎಂಬ ಮುದ್ರೆಯಿರಲೇಬೇಕು. ‘ವಾಟರ್‌ಪ್ರೂಫ್’ ಎಂಬ ಅಂಗಡಿಯವನ ಬಾಯಿಮಾತು ಸಾಲದು. ಅಡ್ಡತೊಲೆ, ಹಾಯಿಕಂಬದ ಬುಡ, ಚುಕ್ಕಾಣಿ, ಹಗ್ಗ, ಈ ನಾಲ್ಕರಲ್ಲಿ ಉಳಿಸಿದ ರೂಪಾಯಿಯನ್ನು ನೀರು ಬಡ್ಡಿಸಹಿತ ವಸೂಲು ಮಾಡುತ್ತದೆ. ಜೋಡಿದೋಣಿಗೆ ಒಂದು ದೋಷವುಂಟು: ಪೂರ್ಣ ಮಗುಚಿದರೆ ತಾನಾಗಿ ಏಳುವುದಿಲ್ಲ. ಆದ್ದರಿಂದ ತೇಲುಕವಚವಿಲ್ಲದೆ ಹತ್ತತಕ್ಕದ್ದಲ್ಲ. ಮಗುಚಿದ್ದನ್ನು ಎತ್ತುವ ಅಭ್ಯಾಸವು ಅನುಮತಿ ಪಡೆದ ಕೆರೆಯಲ್ಲಿ ಮೊದಲು ಆಗಬೇಕು. ಮಳೆಗಾಲದ ಕಾರವಾರದ ಕಡಲಿಗೆ ದೂರದಿಂದಲೇ ನಮಸ್ಕಾರ.

ಇಷ್ಟಾದ ಮೇಲೆ ಹಿರಿಯರು ಒಪ್ಪಿಗೆ ಕೊಡಬಹುದು, ಒಂದು ಕರಾರಿನೊಡನೆ: ನೀರಿಗಿಳಿಯುವ ಮುನ್ನ ಪ್ರತಿಸಲವೂ ಪ್ರತಿಯೊಂದು ಗಂಟನ್ನು ಕೈಯಿಂದ ಮುಟ್ಟಿ, ಎಳೆದು ನೋಡತಕ್ಕದ್ದು. ಅದಕ್ಕೆ ಒಂದು ಕಾಸೂ ತಗಲುವುದಿಲ್ಲ.