ಬೈಕಿಗೆ ಎರಡು ಎಕ್ಸ್‌ಟ್ರಾ ಕಣ್ಣು

ಬೈಕಿಗೆ ಎಕ್ಸ್‌ಟ್ರಾ ಲೈಟು ಹಾಕಿಸೋದು ಅಂದರೆ ಶೋಕಿ ಅಂತಲೇ ತುಂಬಾ ಜನರ ಲೆಕ್ಕ. ಜೆ.ಸಿ. ರೋಡಿನಲ್ಲಿ ನೀಲಿ, ಕೆಂಪು, ಮಿಣಮಿಣ ಮಿಂಚೋದು ಎಲ್ಲಾ ಥರದ್ದೂ ಸಿಗುವಾಗ ಹಾಗನ್ನಿಸೋದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ನಾನು ಹಾಕಿಸಿದ್ದು ಶೋಕಿಗಲ್ಲ, ಎಮ್ಮೆಗೆ!

ಅಮ್ಮನ ಊರು ಸಾತನೂರು ದಾಟಿ ಹಲಗೂರಿನ ಕಡೆ. ತಿಂಗಳಿಗೊಮ್ಮೆಯಾದರೂ ಶುಕ್ರವಾರ ಆಫೀಸು ಮುಗಿಸಿ, ಬಸವನಗುಡಿಯಿಂದ ಕನಕಪುರ ರಸ್ತೆ ಹಿಡಿದು ಹೊರಟುಬಿಡ್ತೀನಿ. ದೊಡ್ಡ ರಸ್ತೆ ಬಿಟ್ಟು ಊರ ದಾರಿಗೆ ಇಳಿದ ಮೇಲೆ ಬೀದಿದೀಪ ಇಲ್ಲ. ಅಲ್ಲಿ ರಸ್ತೆಯೂ ಕಪ್ಪು, ಎಮ್ಮೆಯೂ ಕಪ್ಪು, ಬಣ್ಣ ಬಳಿಯದ ಹಂಪ್ ಕೂಡ ಕಪ್ಪು. ನನ್ನ 150 ಸಿಸಿ ಬೈಕಿನ 35 ವಾಟ್ ಹ್ಯಾಲೋಜೆನ್ ಬಲ್ಬು ಡಿಪ್‌ನಲ್ಲಿ 30 ಮೀಟರ್ ತೋರಿಸಿದರೆ ಹೆಚ್ಚು. ಹೈಬೀಮ್ ಹಾಕಿದರೆ ದೂರದ ಹುಣಸೆ ಮರದ ಕೊಂಬೆ ಚೆನ್ನಾಗಿ ಕಾಣುತ್ತೆ, ರಸ್ತೆಯ ಅಂಚು ಮಾತ್ರ ಕಾಣಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. ಎಮ್ಮೆ ಕಂಡು ಕೈ ಬ್ರೇಕು ಹಿಡಿಯೋಕೆ ಒಂದು ಸೆಕೆಂಡು, ಆಮೇಲೆ ಬೈಕು ನಿಲ್ಲೋಕೆ ಇನ್ನೊಂದು 23-24 ಮೀಟರ್. ಒಟ್ಟು 40. ಕಾಣೋದು 30, ನಿಲ್ಲೋದು 40! ಮಧ್ಯದ ಆ ಹತ್ತು ಮೀಟರಿನಲ್ಲಿ ಎಮ್ಮೆ ಇಲ್ಲದಿರಲಪ್ಪಾ ಅಂತ ದೊಡ್ಡ ಬಸವಣ್ಣನಿಗೆ ಕೈ ಮುಗಿದು ಹೊರಡಬೇಕು, ಅಷ್ಟೇ. ಅದೇ 45ರಲ್ಲಿ ಹೋದರೆ 26 ಮೀಟರಿಗೆಲ್ಲ ಬೈಕು ನಿಲ್ಲುತ್ತೆ. ಹಾಗಾಗಿ ಮೊದಲನೇ ಉಪಾಯ ನಿಧಾನಕ್ಕೆ ಹೋಗೋದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಲೈಟು ಏನಿದ್ದರೂ ಎರಡನೇದು.

ಈ ಎರಡನೇ ಉಪಾಯಕ್ಕೆ ಮನೆಯಲ್ಲಿ ಒಬ್ಬರು ವಿರೋಧ ಪಕ್ಷದವರಿದ್ದರು. ಅಪ್ಪ. ಅವರಿಗೀಗ ಅರವತ್ತೆರಡು, ಕಣ್ಣಿನಲ್ಲಿ ಪೊರೆ ಶುರುವಾಗಿದೆ. ಪೊರೆ ಬಂದ ಕಣ್ಣಿನೊಳಗೆ ಬೆಳಕು ನೇರವಾಗಿ ಹೋಗದೆ ಚದುರುತ್ತೆ. ಎದುರಿಂದ ಒಂದು ಬಿಳಿ ಎಲ್‌ಇಡಿ ಬಂತು ಅಂದರೆ ರಸ್ತೆ ತುಂಬಾ ಹಾಲು ಚೆಲ್ಲಿದ ಹಾಗಾಗುತ್ತಂತೆ. ಅದು ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಏನೂ ಕಾಣಲ್ಲ. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳಿಗೆ ದಿನಾ ಸಂಜೆ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದ ಮನುಷ್ಯ, ಎರಡು ವರ್ಷದಿಂದ ಕತ್ತಲಾದ ಮೇಲೆ ಸ್ಕೂಟರ್ ಮುಟ್ಟಿಲ್ಲ. ಆಟೋ ಸಿಕ್ಕಿದ ದಿನ ಕಚೇರಿ, ಸಿಗದ ದಿನ ಮನೆಯಲ್ಲೇ ರೇಡಿಯೋ.

"ಹಾಕಿಸ್ಕೋ, ಬೇಡ ಅನ್ನಲ್ಲ. ಎದುರುಗಡೆಯಿಂದ ನಾನೇ ಬರ್ತಿದೀನಿ ಅಂದ್ಕೊಂಡು ಹಾಕಿಸ್ಕೋ" ಅಂದರು.

ಇದಕ್ಕಿಂತ ಸ್ಪಷ್ಟವಾದ ರಿಕ್ವೈರ್‌ಮೆಂಟು ನನಗೆ ಇಲ್ಲಿಯವರೆಗೆ ಯಾವ ಕ್ಲೈಂಟೂ ಕೊಟ್ಟಿಲ್ಲ :-)

ಶನಿವಾರ ಜೆ.ಸಿ. ರೋಡಿಗೆ ಹೋದೆ. ಟೌನ್ ಹಾಲಿನಿಂದ ಮಿನರ್ವ ಸರ್ಕಲ್‌ವರೆಗೆ ಗಾಡಿ ಸಾಮಾನಿನದೇ ಸಂತೆ. ಅಲ್ಲಿಂದ ಕೂಗಳತೆಯಲ್ಲಿ ಕೆ.ಆರ್. ಮಾರುಕಟ್ಟೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿದ್ದು ಅಲ್ಲೇ. ಆ ಕರೆಂಟು ಬಂದಿದ್ದು ಶಿವನಸಮುದ್ರದಿಂದ, ಅಂದರೆ ನಮ್ಮಮ್ಮನ ಊರ ಕಡೆಯಿಂದ! ನೂರಿಪ್ಪತ್ತು ವರ್ಷ ಆದಮೇಲೆ ಆ ಕಡೆಗೆ ವಾಪಸ್ ಬೆಳಕು ತಗೊಂಡು ಹೋಗೋಕೆ ನಾನು ಚೌಕಾಸಿ ಮಾಡ್ತಾ ನಿಂತಿದ್ದೆ.

"ಬ್ರದರ್, ಇದು 120 ವಾಟ್. ಎದುರಿಗೆ ಬರೋನು ಸೈಡ್ ಬಿಡಲೇಬೇಕು" ಅಂದ ಅಂಗಡಿಯವನು. ಡಬ್ಬದ ಮೇಲೂ ಹಾಗೇ ಬರೆದಿತ್ತು. ಅವನ ಬ್ಯಾಟರಿಗೇ ಹಚ್ಚಿ, ಜೊತೆಗೆ ಒಯ್ದಿದ್ದ ಮಲ್ಟಿಮೀಟರ್ ಹಿಡಿದೆ. ಜೋಡಿಗೆ 1.6 ಆಂಪ್. ಬ್ಯಾಟರಿ 12.5 ವೋಲ್ಟ್. ಗುಣಿಸಿದರೆ 20 ವಾಟ್! ಆತ ನಕ್ಕ, ನಾನೂ ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಅಷ್ಟೇ ಬೇಕಾಗಿದ್ದಿದ್ದು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಲೇ ಇರಬೇಕು ಅನ್ನೋ ನಿಯಮ ಇದೆ. ಗಾಡಿ ಉತ್ಪಾದಿಸುವ ಕರೆಂಟಿನಲ್ಲಿ ಅದರ ಪಾಲು ಮೊದಲೇ ಹೋಗಿರುತ್ತೆ. ಅದರ ಮೇಲೆ ನಿಜವಾಗಲೂ 120 ವಾಟ್ ಹಾಕಿದ್ದರೆ ಬ್ಯಾಟರಿ ಮಲಗುತ್ತಿತ್ತು.

ಕೊನೆಗೆ ಆರಿಸಿದ್ದು ಬೇರೆ ಜೋಡಿ. ವಾಟ್ ಅಷ್ಟೇ, ಬೆಳಕು ಹಳದಿ. ಸ್ಪಾಟ್ ಲೈಟಿನ ಹಾಗೆ ದುಂಡಗೆ ಎಲ್ಲಾ ಕಡೆ ಎರಚದೆ, ಅಗಲಕ್ಕೆ ಹರಡಿ ಮೇಲಂಚು ಗೆರೆ ಕೊಯ್ದ ಹಾಗೆ ನಿಲ್ಲೋ ಫಾಗ್ ಲ್ಯಾಂಪ್. ಸ್ಪಾಟ್ ಲೈಟನ್ನು ಕೇಂದ್ರ ಮೋಟಾರು ವಾಹನ ನಿಯಮ 111 ಸುಮ್ಮನೆ ಒಪ್ಪೋದೂ ಇಲ್ಲ. ಬೆಲೆ 900 ರೂಪಾಯಿ. ಸಾಕೆಟ್ ಸಮೇತ ರಿಲೇ 180, ಸ್ವಿಚ್ 120, ಫ್ಯೂಸು ಮತ್ತು ಹೋಲ್ಡರ್ 60, ವೈರು ಸ್ಲೀವು 140.

ಫಿಟ್ಟಿಂಗಿಗೆ ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಬ್ಯಾಟರಿಯಿಂದ 5 ಆಂಪ್ ಫ್ಯೂಸ್ ಮೂಲಕ ರಿಲೇಯ 30ಕ್ಕೆ, 87ರಿಂದ ಲೈಟಿಗೆ, 85 ಅರ್ತ್. ಇಷ್ಟರವರೆಗೆ ಇಬ್ಬರಿಗೂ ಒಮ್ಮತ. ಉಳಿದ 86ಕ್ಕೆ, ಅಂದರೆ ರಿಲೇಯನ್ನು ಎಬ್ಬಿಸೋ ಪಿನ್ನಿಗೆ, ಸ್ವಿಚ್ ಮೂಲಕ ಹೈಬೀಮ್ ವೈರನ್ನೇ ಕೊಡಿ ಅಂದೆ.

"ಹಂಗ್ ಮಾಡಿದ್ರೆ ಡಿಪ್ ಮಾಡಿದಾಗ ಎರಡೂ ಆಫ್ ಆಗೋಗ್ತವೆ ಸಾರ್!"

"ಅದೇ ಅಣ್ಣಾ ಬೇಕಾಗಿರೋದು."

ಎದುರಿಗೆ ಗಾಡಿ ಕಂಡಾಗ ಡಿಪ್ ಮಾಡೋದು ಬೆರಳಿಗೆ ಅಭ್ಯಾಸವಾಗಿದೆ. ಇನ್ನೊಂದು ಸ್ವಿಚ್ ಹುಡುಕಿ ಆರಿಸೋದು ಅಭ್ಯಾಸವಾಗಲ್ಲ. ಹೀಗೆ ಕೊಟ್ಟರೆ ಒಂದೇ ಬೆರಳಿಗೆ ಮೂರು ದೀಪವೂ ತಲೆ ಬಾಗಿಸ್ತವೆ. ಊರೊಳಗೆ ಸ್ವಿಚ್ ಆಫ್ ಇದ್ದೇ ಇರುತ್ತೆ. ಅಣ್ಣ ತಲೆ ಅಲ್ಲಾಡಿಸಿ, 300 ರೂಪಾಯಿ ತಗೊಂಡು ನೀಟಾಗಿ ಮಾಡಿಕೊಟ್ಟರು. ಒಟ್ಟು ಖರ್ಚು 1700.

ಆದರೆ ಅಸಲಿ ಕೆಲಸ ಇದಾದ ಮೇಲೆ, ದುಡ್ಡೇ ಬೇಡದ ಕೆಲಸ. ನಿಯಮ 106ರ ಪ್ರಕಾರ ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. ಎಷ್ಟು? ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರೋ ಕಣ್ಣನ್ನು ಅದು ಕುಕ್ಕಬಾರದು. ಅಷ್ಟು ಎತ್ತರದಲ್ಲಿರೋ ಕಣ್ಣು ನಮ್ಮನೆಯಲ್ಲೇ ಇತ್ತಲ್ಲ!

ರಾತ್ರಿ ಹತ್ತಕ್ಕೆ ಹಿಂದಿನ ರಸ್ತೆಯ ಖಾಲಿ ಕಾಂಪೌಂಡ್ ಗೋಡೆ ಹಿಡಿದೆವು. ಟೇಪಿನಲ್ಲಿ 8 ಮೀಟರ್ ಅಳೆದು ಬೈಕು ನಿಲ್ಲಿಸಿ, ನಾನು ಮೇಲೆ ಕೂತೆ. ಸವಾರ ಕೂತರೆ ಹಿಂಭಾಗ ತಗ್ಗಿ ಬೆಳಕು ಮೇಲೇಳುತ್ತೆ, ಅದಕ್ಕೆ ಕೂತೇ ನೋಡಬೇಕು. ಲೈಟು ನೆಲದಿಂದ 60 ಸೆಂ.ಮೀ. ಎತ್ತರ. ಗೋಡೆಯ ಮೇಲೆ 45ಕ್ಕೆ ಚಾಕ್‌ಪೀಸಿನ ಗೆರೆ. ಎಂಟು ಮೀಟರಿಗೆ 15 ಸೆಂ.ಮೀ. ಇಳಿದರೆ ಬೆಳಕು ನೆಲ ಮುಟ್ಟೋದು 32 ಮೀಟರಿಗೆ. ಅಪ್ಪ ಗೋಡೆಗೆ ಬೆನ್ನು ಕೊಟ್ಟು, ಅರ್ಧ ಮೀಟರ್ ಬಲಕ್ಕೆ ಸರಿದು ನಿಂತರು. "ಚುಚ್ತಿದೆ, ಇಳಿಸು." ಸ್ಪ್ಯಾನರ್ ತಿರುಗಿಸಿದೆ. "ಇನ್ನೂ ಸ್ವಲ್ಪ." ಮತ್ತೆ ತಿರುಗಿಸಿದೆ. "ಹ್ಞಾ, ಈಗ ನಿನ್ನ ಮುಖ ಕಾಣ್ತಿದೆ ನೋಡು" ಅಂದರು. ಬೋಲ್ಟು ಬಿಗಿ ಮಾಡಿದೆ. ಪಕ್ಕದ ಮನೆ ಆಂಟಿ ಬಾಲ್ಕನಿಯಿಂದ, "ಏನ್ರೋ, ಅಪ್ಪನ್ನ ಗೋಡೆಗೆ ನಿಲ್ಸಿ ಏನ್ ಮಾಡ್ತಿದೀಯೋ" ಅಂತ ಕೇಳಿದ್ದಕ್ಕೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ!

ಊರಿಗೆ ಹೋಗುವಾಗ ಈಗ ರಸ್ತೆಯ ಎರಡೂ ಅಂಚು ಕಾಣುತ್ತೆ, ಅಂಚಿನಲ್ಲಿ ಮೆಲುಕು ಹಾಕ್ತಾ ನಿಂತ ಎಮ್ಮೆಯೂ ಕಾಣುತ್ತೆ. ವೇಗ ಮಾತ್ರ 45ರ ಮೇಲೆ ಏರಿಸಿಲ್ಲ.

2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕೋಕೆ ಶುರು ಮಾಡಿದ್ದರು, 500 ರೂಪಾಯಿ ದಂಡ. ಆಗ ಅಪ್ಪ ಪೇಪರ್ ಓದಿ ಖುಷಿಪಟ್ಟಿದ್ದು ನೆನಪಿದೆ. ಆದರೂ ಗಾಂಧಿ ಬಜಾರಿನಲ್ಲಿ ಇವತ್ತಿಗೂ ಹತ್ತರಲ್ಲಿ ನಾಲ್ಕು ಗಾಡಿ ಆಕಾಶ ನೋಡ್ಕೊಂಡೇ ಬರ್ತವೆ ಅಂತ ಅವರ ದೂರು. ನನ್ನ ಬೈಕಿನ ಎರಡು ಲೈಟು ತಗ್ಗಿದ ಮಾತ್ರಕ್ಕೆ ಅವರ ಸ್ಕೂಟರ್ ಸಂಜೆ ಹೊತ್ತು ಮನೆ ಬಿಟ್ಟು ಹೊರಡಲ್ಲ, ಗೊತ್ತು.

ನೀವು ಲೈಟು ಹಾಕಿಸ್ತೀರೋ ಬಿಡ್ತೀರೋ, ಒಂದು ರಾತ್ರಿ ಎಂಟು ಮೀಟರ್ ದೂರದಲ್ಲಿ ಒಂದು ಗೋಡೆ ಹುಡುಕಿ, ಈಗಿರೋ ಹೆಡ್‌ಲೈಟನ್ನೇ ಒಮ್ಮೆ ನೋಡಿ. ಇಳಿಸೋಕೆ ಅದರಲ್ಲೇ ಒಂದು ಸ್ಕ್ರೂ ಇರುತ್ತೆ. ಗೋಡೆಗೆ ನಿಲ್ಲೋಕೆ ಮನೆಯ ಹಿರಿಯರೇ ಆದರೆ ಇನ್ನೂ ಒಳ್ಳೇದು.