ಐಡಲ್ ಮೋಟಾರ್ ಬಿಚ್ಚುವ ಸುಖ

ಹರೂರಿನಿಂದ ಸೇಲಂ ಕಡೆ ಹೊರಟವರಿಗೆ ಮಂಜವಾಡಿ ಕಣಿವೆಯ ಇಳಿಜಾರು ಗೊತ್ತೇ ಇದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿರುತ್ತೀರಿ. ಮುಂದೆ ಮರಗೆಣಸು ತುಂಬಿದ ಲಾರಿ ನಿಧಾನವಾಯಿತೆಂದು ಕ್ಲಚ್ ಒತ್ತಿದ ಕೂಡಲೇ ಎಂಜಿನ್ ತಡವರಿಸಿ ಆಫ್! ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನಿರ್ವಾತದ ನೆರವೂ ನಿಲ್ಲುತ್ತದೆ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲ್ ಬಿಗಿಯಾಗುತ್ತದೆ. ಹಳೆಯ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಕಾರಾದರೆ ನನ್ನ ಮೊದಲ ಗುಮಾನಿ ಐಡಲ್ ಮೋಟಾರಿನ ಮೇಲೆ. ಅದನ್ನು ಬಿಚ್ಚಿ ಶುಚಿ ಮಾಡುವುದೆಂದರೆ ನನಗೆ ಬಲು ಇಷ್ಟ.

ಕಾರ್ಬ್ಯುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು, ಸದ್ದಿಗೆ ಕಿವಿಗೊಟ್ಟು ಐಡ್ಲಿಂಗ್ ಸೆಟ್ ಮಾಡುತ್ತಿದ್ದ. 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಹೊಸ ಹೊಗೆ ನಿಯಮ ಬಂದ ಆಸುಪಾಸಿನಲ್ಲಿ ಆ ಕಿವಿಯ ಕೆಲಸ ಕಂಪ್ಯೂಟರಿನ ಪಾಲಾಯಿತು. ಥ್ರಾಟಲ್ ತಟ್ಟೆ ಮುಚ್ಚಿದಾಗ ಎಂಜಿನ್ ಅದರ ಪಕ್ಕದ ಕಿರುದಾರಿಯಿಂದ ಉಸಿರಾಡುತ್ತದೆ. ನನ್ನ ಕಾರಿನಲ್ಲಿ ಆ ದಾರಿಯ ಬಾಯಲ್ಲೊಂದು ಚೂಪು ಮೂತಿಯಿದೆ. ಐಡಲ್ ಮೋಟಾರು ಅದನ್ನು ಹಿಂದೆ ಮುಂದೆ ಸರಿಸಿ ಗಾಳಿಯನ್ನು ಅಳೆದು ಬಿಡುತ್ತದೆ. ಎ.ಸಿ. ಹಾಕಿದರೆ ತುಸು ಹೆಚ್ಚು, ಎಂಜಿನ್ ಕಾದ ಮೇಲೆ ತುಸು ಕಡಿಮೆ. ಅಂಗೈಯಲ್ಲಿ ಅಡಗುವ ಮೋಟಾರಿಗೆ ಎಷ್ಟು ನಾಜೂಕಿನ ಕೆಲಸ! ಈಗಿನ ಕಾರುಗಳಲ್ಲಿ ಥ್ರಾಟಲ್ ತಟ್ಟೆಯನ್ನೇ ಮೋಟಾರು ತಿರುಗಿಸುವುದರಿಂದ ಇದು ಬೇರೆಯಾಗಿ ಇರುವುದಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಕನೆಕ್ಟರಿನ ಲಾಕ್ ಒತ್ತಿ ಎಳೆಯುತ್ತೇನೆ. ಇರುವುದು ಎರಡೇ ಸ್ಕ್ರೂ. ಆದರೆ ವರ್ಷಗಟ್ಟಲೆ ಕಾವಿಗೆ ಕಚ್ಚಿಕೊಂಡಿರುತ್ತವೆ. ತಲೆಗೆ ಸರಿಯಾಗಿ ಕೂರುವ ಬಿಟ್ ಇಟ್ಟು, ಮೇಲಿಂದ ಹಗುರವಾಗಿ ತಟ್ಟಿ, ಬಲವಾಗಿ ಒತ್ತಿ ತಿರುಗಿಸಬೇಕು. ಸ್ಕ್ರೂ ‘ಟಿಕ್’ ಎಂದು ಬಿಟ್ಟುಕೊಡುವುದು ಕಿವಿಗಿಂತ ಮೊದಲು ಮಣಿಕಟ್ಟಿಗೆ ತಿಳಿಯುತ್ತದೆ. ಮೋಟಾರು ಹೊರಬಂದರೆ ಮೂತಿಯ ತುಂಬ ಬಾಣಲೆಯ ತಳದಂಥ ಮಸಿ. ಎಂಜಿನ್ನಿನ ಒಳಗಿನ ಎಣ್ಣೆಯ ಆವಿ ಗಾಳಿದಾರಿಗೆ ಮರಳಿ ಬಂದು ಅಂಟಿದ್ದು ಅದು. ಕಾರ್ಬ್ ಕ್ಲೀನರ್ ಅನ್ನು ಹಳೇ ಟೂತ್‌ಬ್ರಷ್ಷಿಗೆ ಹೊಡೆದು, ಮೂತಿಯನ್ನು ಕೆಳಮುಖ ಮಾಡಿ ಉಜ್ಜುತ್ತೇನೆ. ಕ್ಲೀನರ್ ಮೋಟಾರಿನೊಳಕ್ಕೆ ಇಳಿಯಬಾರದು. ಮೂತಿಯನ್ನು ಬೆರಳಿಂದ ಒತ್ತಲೂಬಾರದು, ಒಳಗಿನ ಥ್ರೆಡ್ ಹಾಳಾದೀತು. ಕರಿ ಕರಗಿ ಕಂದು ನೀರಾಗಿ ತೊಟ್ಟಿಕ್ಕುತ್ತದೆ, ಅಡಿಯ ಹೊಳಪು ಎಳೆಯೆಳೆಯಾಗಿ ಕಾಣುತ್ತದೆ. ನನಗೆ ಆಗ ಊಟದ ಹೊತ್ತೂ ನೆನಪಾಗದು.

ಗಾಳಿದಾರಿಯನ್ನೂ ಬಟ್ಟೆಯಿಂದ ಒರೆಸಿ, ಎಲ್ಲ ಆರಿದ ಮೇಲೆ ಜೋಡಿಸಿ ಚಾಲೂ ಮಾಡುತ್ತೇನೆ. ಎಂಜಿನ್ ಒಮ್ಮೆ ಜೋರಾಗಿ ಎದ್ದು, ಮೆಲ್ಲಗೆ ತಗ್ಗುತ್ತದೆ. ಆಗ ಆಕ್ಸಿಲರೇಟರ್ ಮುಟ್ಟದೆ ಸುಮ್ಮನಿರಬೇಕು. ಕಂಪ್ಯೂಟರು ಹೊಸ ಅಳತೆ ಕಲಿಯುತ್ತಿರುತ್ತದೆ. ಕಾದ ಮೇಲೆ ಆರ್‌ಪಿಎಂ ಸೂಜಿ 800–900ರ ನಡುವೆ ಅಲುಗದೆ ನಿಲ್ಲುತ್ತದೆ. ಎ.ಸಿ. ಹಾಕಿದರೆ ಸದ್ದು ಕ್ಷಣ ಕುಗ್ಗಿ ಮತ್ತೆ ಸಮವಾಗುತ್ತದೆ. ಯಾವ ಹಾಡಿಗೂ ಕಡಿಮೆಯಿಲ್ಲದ ಸದ್ದು ಅದು.

ನಿಮ್ಮ ಹಳೇ ಕಾರಿನ ಐಡ್ಲಿಂಗೂ ಏರಿಳಿಯುತ್ತಿದ್ದರೆ ಹೊಸ ಮೋಟಾರಿಗೆ ದುಡ್ಡು ಹಾಕುವ ಮುಂಚೆ ಇದ್ದದ್ದನ್ನು ಬಿಚ್ಚಿ ನೋಡಿ. ಮೋಟಾರಿನ ಓ-ರಿಂಗ್ ಮಾತ್ರ ಮೊದಲೇ ತಂದಿಟ್ಟುಕೊಳ್ಳಿ. ಹಳೆಯದು ಗಟ್ಟಿಯಾಗಿ ಬಿರಿದಿದ್ದರೆ ಗಾಳಿ ಸೋರಿ, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.