ಎಳೆಯುವ ಗಾಡಿ, ಹಿಂಬಾಲಿಸುವ ಮನೆ

ಬಳ್ಳಾರಿಗೆ ಬಂದಿಳಿದವರ ಕಣ್ಣಿಗೆ ಮೊಟ್ಟಮೊದಲು ಬೀಳುವುವು ಊರಿನ ನಡುವೆ ತಲೆಯೆತ್ತಿ ನಿಂತ ಎರಡು ಬಂಡೆಗುಡ್ಡಗಳು. ಒಂದರ ನೆತ್ತಿಯ ಮೇಲೆ ಕೋಟೆ. ಇನ್ನೊಂದು ಕುಂಬಾರ ಗುಡ್ಡ. ಈ ಕೋಟೆಯ ಬಗ್ಗೆ ಬಳ್ಳಾರಿಯ ಜನ ಹೇಳುವ ಐತಿಹ್ಯವೊಂದುಂಟು. ಹೈದರಾಲಿಯು ಕೋಟೆಯನ್ನು ಹೊಸದಾಗಿ ಬಲಪಡಿಸುವ ಕೆಲಸವನ್ನು ಫ್ರೆಂಚ್ ಇಂಜಿನಿಯರನೊಬ್ಬನಿಗೆ ಒಪ್ಪಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಪಕ್ಕದ ಕುಂಬಾರ ಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆಯೆಂಬುದೂ ಅಲ್ಲಿಂದ ಶತ್ರುವು ಕೋಟೆಯ ಒಳಗನ್ನೆಲ್ಲ ಕಾಣಬಹುದೆಂಬುದೂ ತಿಳಿದುಬಂದಿತಂತೆ. ಆ ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದರೆಂಬುದು ಕಥೆಯ ಕೊನೆ. ಕಥೆಯಲ್ಲಿ ಸತ್ಯವೆಷ್ಟೋ, ಅದರ ನೀತಿ ಮಾತ್ರ ಸ್ಪಷ್ಟವಾಗಿದೆ: ಅಳತೆಯನ್ನು ನೋಡಬೇಕಾದುದು ಕಟ್ಟುವ ಮೊದಲು.

ಗಾಡಿಯ ಹಿಂದೆ ಮನೆಯನ್ನು ಕಟ್ಟಿಕೊಂಡು ಸಂಚಾರ ಹೊರಡಬೇಕೆಂಬ ಹಂಬಲ ಪಟ್ಟಣದ ಕುಟುಂಬಗಳಲ್ಲಿ ಈಗೀಗ ಹುಟ್ಟಿಕೊಂಡಿದೆ. ಕರ್ನಾಟಕದ 2020-26ರ ಪ್ರವಾಸೋದ್ಯಮ ನೀತಿಯೂ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ಕೊಟ್ಟಿತು. ನಮ್ಮ ದೇಶದಲ್ಲಿ ಕಾಣುವ ಕ್ಯಾರವಾನುಗಳಲ್ಲಿ ಹೆಚ್ಚಿನವು ಎಂಜಿನ್ನೂ ಹಾಸಿಗೆಯೂ ಒಂದೇ ಮೈಯಲ್ಲಿರುವ ವಾಹನಗಳು. ವ್ಯಾನಿನ ಹಿಂದೆ ಬೇರೆಯಾದ ಟ್ರೇಲರ್ ಮನೆಯನ್ನು ಜೋಡಿಸಿ ಎಳೆಯುವ ಪದ್ಧತಿ ಇಲ್ಲಿ ವಿರಳ. ಆದರೆ ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ಇರಬೇಕಾದ ಹೊಂದಿಕೆಯನ್ನು ಅರಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಸುಮಾರು 55 ಕಿಲೋಮೀಟರಿನ ಹಾದಿಯೇ ಸಾಕು.

ಈ ಹಾದಿ ರಾಷ್ಟ್ರೀಯ ಹೆದ್ದಾರಿ 150ಎಗೆ ಸೇರಿದ್ದು. ಎರಡು ಪಕ್ಕದಲ್ಲಿಯೂ ಕಪ್ಪು ಎರೆಭೂಮಿ. ಮುಂದೆ ಸಾಗಿದಂತೆ ಕಾಲುವೆಯ ನೀರುಂಡ ಹಸಿರು ಗದ್ದೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯತೊಡಗಿತು; ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದರಾಸು ಪ್ರಾಂತ್ಯವನ್ನು ಬಿಟ್ಟು ಮೈಸೂರನ್ನು ಸೇರಿದುವು. ಹೆಸರಿನಲ್ಲಿಯೇ ಸಿರಿಯನ್ನು ಹೊತ್ತ ಸಿರುಗುಪ್ಪ ಇಂದು ಭತ್ತದ ಸೀಮೆ. ಕೊಯ್ಲಿನ ದಿನಗಳಲ್ಲಿ ಭತ್ತದ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಸಾಲಾಗಿ ಗಿರಣಿಗಳ ಕಡೆಗೆ ಸಾಗುವುದನ್ನು ನೋಡಬಹುದು.

ಆ ಸಾಲನ್ನು ಸ್ವಲ್ಪ ಎಚ್ಚರದಿಂದ ಗಮನಿಸಿದರೆ ಎರಡು ಬಗೆಯ ಟ್ರೇಲರುಗಳು ಕಾಣುತ್ತವೆ. ನಾಲ್ಕು ಗಾಲಿಯದು ತನ್ನ ಭಾರವನ್ನು ತಾನೇ ಹೊರುತ್ತದೆ. ಎರಡು ಗಾಲಿಯದು ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಬೆನ್ನಿನ ಮೇಲೆ ಹಾಕುತ್ತದೆ. ಆ ಪಾಲು ಹಿತಮಿತವಾಗಿದ್ದರೆ ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಅತಿಯಾದರೆ ಮುಂದಿನ ಚಿಕ್ಕ ಗಾಲಿಗಳು ಹಗುರಾಗಿ, ಚಾಲಕನು ಚಕ್ರವನ್ನು ತಿರುಗಿಸಿದರೂ ಗಾಡಿ ತಿರುಗದು.

ಈ ಮರ್ಮವನ್ನು ಎತ್ತಿನ ಗಾಡಿಯ ಕಾಲದ ರೈತನು ಎಂದೋ ಅರಿತಿದ್ದನು. ಹೇರು ಮುಂದಕ್ಕೆ ಹೆಚ್ಚಾದರೆ ಗಾಡಿ ಮುಂಭಾರವಾಗಿ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರವಾಗಿ ಮೂಕಿ ಮೇಲೆದ್ದು, ಕೊರಳಿನ ಹಗ್ಗ ಎತ್ತುಗಳ ಉಸಿರನ್ನು ಬಿಗಿಯುತ್ತದೆ. ಆದ್ದರಿಂದ ಅವನು ಚೀಲಗಳನ್ನು ಹೇರಿದ ಮೇಲೆ ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಭಾರ ತುಸುವೇ ಮುಂದಕ್ಕಿರುವಂತೆ ಸರಿಪಡಿಸುತ್ತಿದ್ದನು. ಇಂದಿನ ಟ್ರೇಲರ್ ಮನೆಯ ಶಾಸ್ತ್ರವೂ ಹೇಳುವುದು ಇದನ್ನೇ: ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರು ಬಾಲದಂತೆ ಅತ್ತಿತ್ತ ತೂಗಾಡಿ, ಕೊನೆಗೆ ಎಳೆಯುವ ವಾಹನವನ್ನೇ ಹಾದಿಯಿಂದಾಚೆಗೆ ಎಳೆದೊಯ್ಯುತ್ತದೆ.

ವಿಹಾರಕ್ಕೆಂದೇ ಮನೆಗಾಡಿ ಮಾಡಿಸಿಕೊಂಡ ಮೊದಲಿಗರಲ್ಲಿ ಹೆಸರಾದವನು ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್. 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯಲ್ಲಿ ತಯಾರಾದ ಅವನ ಗಾಡಿಯ ಹೆಸರು ‘ವಾಂಡರರ್’. ಅದರ ತೂಕ ಸುಮಾರು ಎರಡು ಟನ್. ಎಳೆಯಲು ಎರಡು ಕುದುರೆಗಳು. ಅಂದು ಮನೆ ಎಷ್ಟು ಅಂದವಾಗಿದ್ದರೂ ಪ್ರಯಾಣದ ಭವಿಷ್ಯ ನಿಂತುದು ಕುದುರೆಗಳ ಮೇಲೆ. ಇಂದು ಅದು ನಿಲ್ಲುವುದು ವ್ಯಾನಿನ ಮೇಲೆ.

ಹಾಗಾದರೆ ವ್ಯಾನನ್ನು ಆರಿಸುವುದು ಹೇಗೆ? ಅಂಗಡಿಯಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಎಷ್ಟು ಎಳೆಯುತ್ತದೆ?” ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯುಂಟು: “ಎಷ್ಟನ್ನು ನಿಲ್ಲಿಸುತ್ತದೆ?” ಬಲವಾದ ಎಂಜಿನ್ ಮಿತಿಮೀರಿದ ಭಾರವನ್ನೂ ಹೇಗೋ ಎಳೆದುಬಿಡುತ್ತದೆ. ಬ್ರೇಕು ಮಾತ್ರ ಮುಲಾಜು ನೋಡುವುದಿಲ್ಲ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಆ ಹೊರೆಯೆಲ್ಲ ವ್ಯಾನಿನದೇ. ಎತ್ತೊಂದು ಅಡ್ಡ ಬಂದಾಗ, ಶಾಲೆಯ ಮಕ್ಕಳು ರಸ್ತೆ ದಾಟುವಾಗ, ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಎರಡನೆಯದು ತೂಕದ ಲೆಕ್ಕ. ತುಂಬಿದ ಟ್ರೇಲರ್ 1,200 ಕಿಲೋ ಇದೆಯೆಂದು ಭಾವಿಸೋಣ. ಕೊಂಡಿಯ ಮೇಲೆ 120ರಿಂದ 180 ಕಿಲೋ ಬೀಳುತ್ತದೆ. ಅಂದರೆ ಇಬ್ಬರು ದೊಡ್ಡವರನ್ನು ವ್ಯಾನಿನ ಹಿಂತುದಿಯಲ್ಲಿ ಕೂರಿಸಿದಂತೆ. ಇದನ್ನು ವ್ಯಾನು ಹೊರಬಲ್ಲ ಭಾರದಿಂದ ಕಳೆಯಬೇಕು. ಉಳಿದುದರಲ್ಲಿ ಮನೆಮಂದಿಯೂ ಗಂಟುಮೂಟೆಯೂ ಅಡಕವಾಗಬೇಕು. ಗೃಹಿಣಿಯರು ಇಲ್ಲಿ ಗಂಡಸರಿಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲರು. ಮನೆಬಳಕೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣದ ತೂಕ ಬೇರೆ. ಒಂದು ಲೀಟರ್ ನೀರಿಗೆ ಒಂದು ಕಿಲೋ. ಬಳ್ಳಾರಿಯ ಬೇಸಗೆಗೆ ಹೆದರಿ ನೂರು ಲೀಟರ್ ತುಂಬಿಕೊಂಡರೆ ನೂರು ಕಿಲೋ ಏರಿತು. ಅಕ್ಕಿ, ಪಾತ್ರೆ, ಹಾಸಿಗೆ ಎಲ್ಲವೂ ತಮ್ಮ ತಮ್ಮ ಪಾಲನ್ನು ಸೇರಿಸುತ್ತವೆ. ಮಾರುವವನು ಹೇಳಿದ ಖಾಲಿ ಟ್ರೇಲರಿನ ತೂಕವನ್ನು ನಂಬಿ ಹೊರಟವರು ಮೋಸಹೋಗುವುದು ಇಲ್ಲಿಯೇ. ತುಂಬಿದ ಗಾಡಿಯನ್ನು ತೂಕದ ಸೇತುವೆಯ ಮೇಲೆ ಒಮ್ಮೆ ನಿಲ್ಲಿಸಿ ನೋಡುವುದು ಉತ್ತಮ. ಭತ್ತದ ನಾಡಿನಲ್ಲಿ ತೂಕದ ಸೇತುವೆಗೆ ಬರವಿಲ್ಲ.

ಮೂರನೆಯದು ವ್ಯಾನಿನ ಮೈಕಟ್ಟು. ಕೊಂಡಿಯ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ, ಹಿಂಗಾಲಿಗಳೇ ಎಳೆಯುವ ವಾಹನಕ್ಕೆ ಹಿಡಿತ ಹೆಚ್ಚು. ಮುಂಗಾಲಿ ಹಿಂಗಾಲಿಗಳ ನಡುವಿನ ಅಂತರ ಉದ್ದವಾಗಿಯೂ ಹಿಂಗಾಲಿಯಿಂದ ಕೊಂಡಿಯವರೆಗಿನ ಚಾಚು ಗಿಡ್ಡವಾಗಿಯೂ ಇದ್ದಷ್ಟು ಓಲಾಟ ಕಡಿಮೆ. ನಮ್ಮಲ್ಲಿ ದೊಡ್ಡ ವ್ಯಾನೆಂದರೆ ಎಲ್ಲರಿಗೂ ನೆನಪಾಗುವುದು ಟೆಂಪೊ ಟ್ರಾವೆಲರ್. ಅದು ಹಿಂಗಾಲಿಯಿಂದ ಎಳೆಯುವ ಜಾತಿಯದು. ಹಾಗೆಂದು ಕಮ್ಮಾರನಿಂದ ಒಂದು ಕೊಂಡಿಯನ್ನು ಬೆಸೆಸಿಕೊಂಡು ಹೊರಟುಬಿಡುವುದು ತರವಲ್ಲ. ಯಾವ ವಾಹನವೇ ಆಗಲಿ, ಟ್ರೇಲರನ್ನು ಎಳೆಯುವ ಮಿತಿಯನ್ನು ತಯಾರಕರು ಕಾಗದದಲ್ಲಿ ಬರೆದುಕೊಟ್ಟಿರಬೇಕು. ಅಂಥ ಬರಹವಿಲ್ಲದಿದ್ದರೆ ಆ ವಾಹನವನ್ನು ಎಳೆಯುವ ಗಾಡಿಯೆಂದು ಎಣಿಸಬಾರದು. 1988ರ ಮೋಟಾರು ವಾಹನಗಳ ಕಾಯಿದೆಯು ಟ್ರೇಲರನ್ನೂ ಒಂದು ವಾಹನವೆಂದೇ ಪರಿಗಣಿಸುತ್ತದೆ. ಅದರ ನೋಂದಣಿಯ ವಿಚಾರವನ್ನೂ ಮೊದಲೇ ತಿಳಿದುಕೊಳ್ಳಬೇಕು.

ಕೊನೆಯದು ಊರಿನ ಗುಣ. ಬಳ್ಳಾರಿಯ ಬೇಸಗೆ 40 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಹೊರೆಯ ಭಾರ, ಕಾದ ರಸ್ತೆಯ ಬಿಸಿ, ಎರಡೂ ಕೂಡಿದಾಗ ಗಾಳಿ ಕಡಿಮೆಯಿರುವ ಟೈರು ಸಿಡಿಯಲು ತಡವಾಗದು. ಮಳೆಗಾಲದಲ್ಲಿಯಾದರೋ ರಸ್ತೆಯಂಚಿನ ಎರೆಮಣ್ಣು ಅಂಟಾಗಿ ಗಾಲಿಯನ್ನು ನುಂಗುತ್ತದೆ. ಟ್ರೇಲರು ಕಟ್ಟಿದ ವ್ಯಾನು ಒಮ್ಮೆ ಅದರಲ್ಲಿ ಇಳಿದರೆ ಟ್ರ್ಯಾಕ್ಟರನ್ನೇ ಕರೆಯಬೇಕು.

ಇಷ್ಟೆಲ್ಲ ಜಂಜಾಟ ಏಕೆ, ಒಂದೇ ಮೈಯ ಕ್ಯಾರವಾನನ್ನು ಬಾಡಿಗೆಗೆ ಪಡೆಯಬಾರದೇ ಎಂದು ಕೇಳಬಹುದು. ವರ್ಷಕ್ಕೊಮ್ಮೆ ನಾಲ್ಕು ದಿನ ತಿರುಗುವ ಕುಟುಂಬಕ್ಕೆ ಅದೇ ಲೇಸು. ಟ್ರೇಲರಿನ ಸೊಗಸಿರುವುದು ಅದನ್ನು ಬಿಟ್ಟುಹೋಗುವುದರಲ್ಲಿ. ಬಳ್ಳಾರಿಯಲ್ಲಿ ಭದ್ರವಾದ ತಾಣವೊಂದರಲ್ಲಿ ಮನೆಯನ್ನು ಕಳಚಿ ನಿಲ್ಲಿಸಿ, ಒಂದು ದಿನ ಸಿರುಗುಪ್ಪದ ಗದ್ದೆಗಳನ್ನೂ ತುಂಗಭದ್ರೆಯ ದಡವನ್ನೂ, ಮರುದಿನ ಕುರುಗೋಡನ್ನೂ ಬರಿಯ ವ್ಯಾನಿನಲ್ಲಿ ನೋಡಿಬರಬಹುದು. ಇಕ್ಕಟ್ಟಾದ ಬೀದಿಗಳಲ್ಲಿ ಹಿಂದುಮುಂದಾಗುವ ಫಜೀತಿ ಇರುವುದಿಲ್ಲ.

ಕುರುಗೋಡು ಒಮ್ಮೆ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಇಲ್ಲಿಯ ದೊಡ್ಡಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ಬೃಹತ್ ಬಸವನು ಕುಳಿತಿದ್ದಾನೆ. ವರ್ಷಕ್ಕೊಮ್ಮೆ ಅವನ ತೇರು ಎಳೆಯುತ್ತಾರೆ. ತೇರನ್ನು ಎಳೆಯುವ ಸಾವಿರ ಕೈಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು, ಬೇಕಾದಲ್ಲಿ ಒಡ್ಡಿ ತೇರನ್ನು ತಡೆಯುವ, ತಿರುಗಿಸುವ ನಾಲ್ಕಾರು ಜನರ ಮೇಲೆ ಹೆಚ್ಚಿನವರ ಕಣ್ಣು ಹರಿಯದು. ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಕೊಟ್ಟೂರಿನಲ್ಲಿ 2017ರ ಫೆಬ್ರವರಿಯಲ್ಲಿ ಗುರು ಬಸವೇಶ್ವರನ ತೇರು ಅಚ್ಚು ಮುರಿದು ಜನರ ನಡುವೆಯೇ ಉರುಳಿತು. ಎಳೆಯುವ ಉತ್ಸಾಹಕ್ಕೆ ಅಲ್ಲಿ ಏನೂ ಕೊರತೆಯಿರಲಿಲ್ಲ.

ಮನೆಯನ್ನು ಹಿಂದೆ ಕಟ್ಟಿಕೊಂಡು ಹೊರಡುವ ಗೃಹಸ್ಥನು ಆ ಮರದ ತುಂಡು ಹಿಡಿದವರ ಕಣ್ಣಿನಿಂದ ತನ್ನ ಗಾಡಿಯನ್ನು ನೋಡಬೇಕು. ಅಚ್ಚು, ಕೊಂಡಿ, ಬ್ರೇಕು, ತೂಕ, ಈ ನಾಲ್ಕನ್ನೂ ಹಣ ಎಣಿಸುವ ಮೊದಲೇ ಅಳೆದುಕೊಂಡವನಿಗೆ ಬಳ್ಳಾರಿಯ ಬಿಸಿಲೂ ಸಿರುಗುಪ್ಪದ ಹಾದಿಯೂ ಹಿತವಾಗಿಯೇ ಕಳೆಯುತ್ತವೆ.